ಯೂರೋವಿಷನ್ ರಾತ್ರಿ ಮನೇಲಿ ಜ್ಯೂರಿ ಬೇಕಾ ಬೇಡ್ವಾ? ಪಂಚಾಯ್ತಿ ಮಾಡಿ ಸ್ವಲ್ಪ

ನಿದ್ದೆಗೇಡಿ_ಮಲ್ಲೇಶ್ವರ:
ಎಲ್ರಿಗೂ ನಮಸ್ಕಾರ. ಯೂರೋಪಿನ ದೇಶಗಳ ಮಧ್ಯೆ ನಡೆಯೋ ಹಾಡಿನ ಸ್ಪರ್ಧೆ ಯೂರೋವಿಷನ್, ಈ ವರ್ಷ (2026) ಅದ್ರ ಫೈನಲ್ ಮೇ 16ಕ್ಕೆ ವಿಯೆನ್ನಾದಲ್ಲಿ, ಅಲ್ಲಿ ರಾತ್ರಿ 9 ಅಂದ್ರೆ ನಮ್ಗೆ ಮಧ್ಯರಾತ್ರಿ 12:30. ಶನಿವಾರ ರಾತ್ರಿ ಆಗಿರೋದ್ರಿಂದ ನಮ್ಮ ಗ್ಯಾಂಗ್ ಪೂರ್ತಿ ನಮ್ಮನೇಲೇ ಠಿಕಾಣಿ. ಎಲ್ರ ಕೈಲೂ ಒಂದೊಂದ್ ಹಾಳೆ, ಪ್ರತಿ ಹಾಡಿಗೆ ಅಂಕ, ಕೊನೆಗೆ ಕೂಡಿಸಿ ನಮ್ಮನೆ ವಿಜೇತರನ್ನ ಘೋಷಣೆ ಮಾಡೋದು, ಇದು ನಮ್ಮ ಪದ್ಧತಿ.

ಹೋದ ವರ್ಷ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಆದ ಫೈನಲ್ ದಿನ ರಾದ್ಧಾಂತ ಆಯ್ತು. ಗ್ಯಾಂಗ್‌ನಲ್ಲಿ ಇಬ್ರು ಸಂಗೀತ ಕಲ್ತಿರೋರು, ಒಬ್ಳು ವೀಣೆ, ಒಬ್ಬ ಹಿಂದೂಸ್ತಾನಿ. ಅವ್ರಿಬ್ರ ವಾದ ಏನು ಅಂದ್ರೆ ಯೂರೋವಿಷನ್‌ನಲ್ಲೇ ಅರ್ಧ ಅಂಕ ಜ್ಯೂರಿದು, ಅಂದ್ರೆ ಸಂಗೀತ ಗೊತ್ತಿರೋ ತೀರ್ಪುಗಾರರದ್ದು, ಇನ್ನರ್ಧ ಓಟ್ ಹಾಕೋ ಜನರದ್ದು, ಹಾಗಾಗಿ ಇಲ್ಲೂ ನಾವಿಬ್ರು ಜ್ಯೂರಿ, ನಮ್ಮಿಬ್ರ ಅಂಕಕ್ಕೆ ಅರ್ಧ ತೂಕ, ಮಿಕ್ಕ ಏಳು ಜನರಿಗೆಲ್ಲ ಸೇರಿ ಇನ್ನರ್ಧ. ಶ್ರುತಿ ಗೊತ್ತಿಲ್ದೋರ ಕೈಗೆ ಪೆನ್ ಕೊಟ್ರೆ ಎಸ್ಟೋನಿಯಾದ ಕಾಫಿ ಹಾಡೇ ಗೆಲ್ಲುತ್ತೆ ಅಂತ ಬೇರೆ ಅಂದ್ಬಿಟ್ರು. ನಿಜ ಹೇಳ್ಬೇಕಂದ್ರೆ ನಮ್ಮನೇಲಿ ಅದೇ ಗೆದ್ದಿತ್ತು 😄 ಆವತ್ತು ಶುರುವಾದ ಜಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಇನ್ನೂ ನಡೀತಾ ಇದೆ. ನೀವ್ ಹೇಳಿ, ಜ್ಯೂರಿ ಬೇಕಾ?

ಗುರು_ಗಾಂಧಿಬಜಾರ್:
ಬೇಡ. ಮುಗೀತು. ನೆಕ್ಸ್ಟ್.

ಮೈಸೂರ್_ಮಾಧುರ್ಯ:
ಬೇಕೇ ಬೇಕು. ವೀಣೆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಕಳೆದ ವರ್ಷ ಆಸ್ಟ್ರಿಯಾದ ಜೆಜೆ ಗೆದ್ದಿದ್ದೇ ಜ್ಯೂರಿಯಿಂದ. ಆ ಹುಡುಗ ಕೌಂಟರ್‌ಟೆನರ್, ಅಂದ್ರೆ ಹೆಣ್ಣು ದನಿಯಷ್ಟು ಮೇಲಿನ ಸ್ವರದಲ್ಲಿ ಹಾಡೋ ಗಂಡಸು, ವಿಯೆನ್ನಾದ ಸ್ಟೇಟ್ ಆಪೆರಾದಲ್ಲಿ ಹಾಡಿರೋನು, ಆ ಮೇಲಿನ ಸ್ವರ ಹಿಡಿದು ನಿಲ್ಸೋದಕ್ಕೆ ಎಷ್ಟು ವರ್ಷದ ಸಾಧನೆ ಬೇಕು ಅಂತ ಹಾಡಿದೋರಿಗೆ ಮಾತ್ರ ಗೊತ್ತು. ಜ್ಯೂರಿ 258 ಕೊಟ್ಟಿತ್ತು, ಜನ 178. ಬರೀ ಜನರ ಓಟು ಅಂದಿದ್ರೆ ಟ್ರೋಫಿ ಬೇರೆ ಕಡೆ ಹೋಗ್ತಿತ್ತು.

ಗುರು_ಗಾಂಧಿಬಜಾರ್:
ಅದನ್ನೇ ನಾನೂ ಹೇಳೋದು ಮೇಡಂ, ಜನ ಕೇಳಿದ್ದು ಒಂದು, ಇವ್ರು ಕೊಟ್ಟಿದ್ದು ಇನ್ನೊಂದು. 2023ರಲ್ಲಿ ಲಿವರ್‌ಪೂಲ್‌ನಲ್ಲಿ ಫಿನ್ಲೆಂಡ್‌ನ ಕ್ಯಾರಿಯಾ ಜನರಿಂದ 376 ತಗೊಂಡ, ಸ್ಟೇಡಿಯಂ ಪೂರ್ತಿ ಚಾ ಚಾ ಚಾ ಅಂತ ಕಿರಚ್ತಾ ಇತ್ತು, ಗೆದ್ದಿದ್ದು ಸ್ವೀಡನ್‌ನ ಲೊರೀನ್, ಯಾಕಂದ್ರೆ ಜ್ಯೂರಿ ಆಯಮ್ಮಂಗೆ 340 ಸುರಿದ್ಬಿಟ್ಟಿತ್ತು. 2024ರಲ್ಲಿ ಕ್ರೊಯೇಷಿಯಾದ ಬೇಬಿ ಲಸಾನ್ಯಾ ಜನರ ಓಟಲ್ಲಿ ಫಸ್ಟು, ಗೆದ್ದಿದ್ದು ಸ್ವಿಟ್ಜರ್ಲೆಂಡ್‌ನ ನೀಮೋ. 2025ರಲ್ಲೂ ಅದೇ ಕಥೆ. ಮೂರು ವರ್ಷದಿಂದ ಜ್ಯೂರಿ ಫಸ್ಟ್ ಅಂದೋರೇ ಗೆಲ್ತಿದಾರೆ. ಜನರ ಹತ್ರ ದುಡ್ಡು ಇಸ್ಕೊಂಡು ಓಟ್ ಹಾಕ್ಸೋದ್ಯಾಕೆ ಮತ್ತೆ?

ಧಾರವಾಡದ_ದತ್ತಣ್ಣ:
ಸುಮ್ನಿರಪಾ ಗುರು, ಅದರ ಹಿಂದಿನ ಎರಡು ವರ್ಷ ನುಂಗಿಬಿಟ್ಟಿ. 2021ಕ್ಕ ಇಟಲಿಯ ಮೋನೆಸ್ಕಿನ್ ಗೆದ್ದಾಗ ಜ್ಯೂರಿ ಎತ್ತಿ ಹಿಡಿದಿದ್ದು ಸ್ವಿಟ್ಜರ್ಲೆಂಡನ್ನ. 2022ಕ್ಕ ಜ್ಯೂರಿ ಇಂಗ್ಲೆಂಡಿನ ಸ್ಯಾಮ್ ರೈಡರ್‌ನ ಮ್ಯಾಲೆ ಕುಂದ್ರಿಸಿತ್ತು, ಜನ ಯುಕ್ರೇನಿಗೆ 439 ಕೊಟ್ಟು ಎಳದು ಒಗದ್ರು. ಜನ ಮನಸ್ಸು ಮಾಡಿದ್ರ ಜ್ಯೂರಿ ಲೆಕ್ಕಕ್ಕಿಲ್ಲರಿ. 2016 ನೋಡ್ರಿ, ಜ್ಯೂರಿಗೆ ಆಸ್ಟ್ರೇಲಿಯಾ ಮೊದಲು, ಜನಕ್ಕ ರಷ್ಯಾ ಮೊದಲು, ಗೆದ್ದಾಕಿ ಯುಕ್ರೇನಿನ ಜಮಾಲಾ, ಎರಡೂ ಕಡೆ ಎರಡನೇದಾಕಿ! ಎರಡೂ ಮಂದಿಗೆ ಒಪ್ಪಿಗಿ ಆಗೂ ಹಾಡು ಗೆಲ್ಲಬೇಕಂದ್ರ ಹಿಂಗ ಅರ್ಧ ಅರ್ಧಾನ ಇರಬೇಕು.

ಕುಂದಾಪ್ರ_ಕಡಲು:
ಎಂತ ಮಾರಾಯ್ರೆ, ಏಳು ಜನ ಕೂತು ಚುರುಮುರಿ ತಿಂತಾ ನೋಡೂಕೆ ಇಷ್ಟೆಲ್ಲ ಸಂವಿಧಾನ ಬೇಕಾ 😂

ನಿದ್ದೆಗೇಡಿ_ಮಲ್ಲೇಶ್ವರ:
ಏಳಲ್ಲ, ಒಂಬತ್ತು. ಆ ಇಬ್ರು ಜ್ಯೂರಿನೂ ಚುರುಮುರಿ ತಿಂತಾರೆ.

ರೈನ್_ದಡದ_ರೂಪಾ:
ನಾನು ಬಾಸೆಲ್‌ನಲ್ಲೇ ಇರೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ. ಸ್ಪರ್ಧೆ ನಡೆದ ಸೇಂಟ್ ಯಾಕೋಬ್‌ಹಾಲೆ ಒಳಗಿನ ಟಿಕೆಟ್ ನಮ್ಗೆಲ್ಲಿ ಸಿಗ್ಬೇಕು, ಪಕ್ಕದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ದೊಡ್ಡ ಪರದೆ ಹಾಕಿ ಅರೀನಾ ಪ್ಲಸ್ ಅಂತ ಮಾಡಿದ್ರು, ಅಲ್ಲಿಗೆ ನಾನೂ ನಮ್ಮನೆಯವ್ರೂ ಹೋಗಿದ್ವಿ. ಜ್ಯೂರಿ ಅಂಕ ಬರುವಾಗ ನಮ್ಮ ಸ್ವಿಟ್ಜರ್ಲೆಂಡ್‌ನ ಜೊಯಿ ಮೇ ಎರಡನೇ ಸ್ಥಾನದಲ್ಲಿದ್ಲು, 214. ಇಡೀ ಸ್ಟೇಡಿಯಂ ಕುಣೀತಿತ್ತು. ಆಮೇಲೆ ಜನರ ಓಟು ಶುರು, ನಿರೂಪಕಿ ಸ್ವಿಟ್ಜರ್ಲೆಂಡ್ ಹೆಸರು ಹೇಳಿ ಸೊನ್ನೆ ಅಂದ್ಳು. ಸೊನ್ನೆ! ಅತಿಥೇಯರ ಮನೇಲೇ! ನನ್ನ ಪಕ್ಕ ಮೈಮೇಲೆ ಧ್ವಜ ಸುತ್ಕೊಂಡಿದ್ದ ಒಬ್ರು ಅಜ್ಜಿ ಜರ್ಮನ್‌ನಲ್ಲಿ ಏನೋ ಅಂದ್ರು, ಅದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಆದ್ರೆ ಒಂದು ವಿಷಯ ಅರ್ಥ ಮಾಡ್ಕೊಳ್ಳಿ, ಸೊನ್ನೆ ಅಂದ್ರೆ ಯಾರಿಗೂ ಇಷ್ಟ ಆಗ್ಲಿಲ್ಲ ಅಂತಲ್ಲ. ಪ್ರತಿ ದೇಶದಲ್ಲಿ ಮೊದಲ ಹತ್ತು ಹಾಡಿಗೆ ಮಾತ್ರ ಅಂಕ, 12, 10, ಆಮೇಲೆ 8ರಿಂದ 1. ಎಲ್ಲಾ ದೇಶದಲ್ಲೂ ಹನ್ನೊಂದನೇ ಸ್ಥಾನ ಬಂದ ಹಾಡಿಗೂ ಸೊನ್ನೆನೇ. ಮೆತ್ತಗಿನ ಹಾಡು, ಚೆನ್ನಾಗಿದೆ ಅಂತ ಎಲ್ರೂ ತಲೆ ಆಡಿಸ್ತಾರೆ, ಫೋನ್ ಮಾತ್ರ ಯಾರೂ ಎತ್ತಲ್ಲ. ಅಂಥ ಹಾಡಿಗೆ ಜ್ಯೂರಿ ಇಲ್ದಿದ್ರೆ ಗತಿ ಇಲ್ಲ.

ಇನ್ನೊಂದು, ಈ ಸ್ಪರ್ಧೆ ನಡೆಸೋಕೆ ನಮ್ಮ ಊರಲ್ಲಿ ಜನಮತಗಣನೆನೇ ಆಗಿತ್ತು, ಗೊತ್ತಾ? ಸುಮಾರು 37.5 ಮಿಲಿಯನ್ ಫ್ರಾಂಕ್ ಖರ್ಚು ಬೇಡ ಅಂತ ಒಂದು ಪಕ್ಷದವ್ರು ಸಹಿ ಸಂಗ್ರಹ ಮಾಡಿದ್ರು, 2024ರ ನವೆಂಬರ್‌ನಲ್ಲಿ ಓಟಿಂಗ್, ಮೂರರಲ್ಲಿ ಎರಡು ಪಾಲು ಜನ ಆಗ್ಲಿ ಅಂದ್ರು. ಹಾಡಿನ ಸ್ಪರ್ಧೆಗೆ ಮತಪೆಟ್ಟಿಗೆ ಇಡೋ ದೇಶ ಇದು.

ಮೈಸೂರ್_ಮಾಧುರ್ಯ:
ರೂಪಾ ಅವ್ರೇ, ಅದೇ ರಾತ್ರಿ ಇಂಗ್ಲೆಂಡಿನ ಮೂರು ಹುಡ್ಗೀರಿಗೂ ಜನರಿಂದ ಸೊನ್ನೆ. ಅವ್ರ ಮೂರು ದನಿ ಕೂಡೋ ರೀತಿ ಕೇಳಿದ್ರೆ ಕಿವಿ ತಂಪಾಗುತ್ತೆ. ಜ್ಯೂರಿ 88 ಕೊಡ್ತು, ಪುಣ್ಯ.

ಧಾರವಾಡದ_ದತ್ತಣ್ಣ:
ಇಂಗ್ಲೆಂಡಿಗೆ ಸೊನ್ನಿ ಅಂದ್ರ ಹೊಸಾದೇನಲ್ರಿ. 2003ರಾಗೂ ಸೊನ್ನಿ, 2021ರಾಗ ಜ್ಯೂರಿ ಜನ ಎರಡೂ ಕಡೆ ಸೊನ್ನಿ.

ಗುರು_ಗಾಂಧಿಬಜಾರ್:
ಜ್ಯೂರಿ ಜ್ಯೂರಿ ಅಂತೀರಲ್ಲ, 2022ರ ಟೂರಿನ್ ಸೆಮಿಫೈನಲ್ ಯಾಕೆ ಯಾರೂ ನೆನಪು ಮಾಡ್ಕೊಳ್ತಿಲ್ಲ? ಆರು ದೇಶದ ಜ್ಯೂರಿಗಳು ಒಬ್ರಿಗೊಬ್ರು ಅಂಕ ಹಂಚ್ಕೊಂಡಂಗೆ ಕಾಣ್ತಿದೆ ಅಂತ ಸ್ಪರ್ಧೆ ನಡೆಸೋ ಟಿವಿ ಸಂಸ್ಥೆಗಳ ಒಕ್ಕೂಟ ಇಬಿಯುನೇ ಅವ್ರ ಅಂಕ ಎಲ್ಲಾ ತೆಗೆದು ಹಾಕಿ ಬೇರೆ ಲೆಕ್ಕ ಹಾಕ್ತು. ಆಗ ಒಂದು ದೇಶಕ್ಕೆ ಐದೇ ಜನ ಜ್ಯೂರಿ, ಐದು ಜನರನ್ನ ಒಪ್ಸೋದು ಎಷ್ಟೊತ್ತಿನ ಕೆಲ್ಸ.

ರೈನ್_ದಡದ_ರೂಪಾ:
ಈ ವರ್ಷದಿಂದ ಐದಲ್ಲ, ಏಳು. ಅದ್ರಲ್ಲಿ ಇಬ್ರಾದ್ರೂ 18ರಿಂದ 25 ವಯಸ್ಸಿನೋರು ಇರ್ಬೇಕು. 2023ರಿಂದ ಸೆಮಿಫೈನಲ್ ಬರೀ ಜನರ ಓಟಲ್ಲಿ ನಡೀತಿತ್ತು, ಈ ಸಲ ಅಲ್ಲೂ ಜ್ಯೂರಿ ವಾಪಸ್. ಜನರೂ ಮುಂಚೆ 20 ಓಟು ಹಾಕ್ಬೋದಿತ್ತು, ಈಗ 10ಕ್ಕೆ ಇಳಿಸಿದಾರೆ.

ಕುಂದಾಪ್ರ_ಕಡಲು:
ಒಬ್ಬನೇ 20 ಓಟು?? ನಮ್ಮ ಪಂಚಾಯ್ತಿ ಎಲೆಕ್ಷನ್‌ಗೆ ಇದು ಗೊತ್ತಾಗದಿದ್ರೆ ಸಾಕು ದೇವ್ರೆ.

ಬಾಳೆಹೊನ್ನೂರ್_ಬಾಯ್:
ನಾವು ಇಂಡಿಯಾದಿಂದ ಓಟ್ ಹಾಕ್ಬೋದಾ? ಗೊತ್ತಿಲ್ದೆ ಕೇಳ್ತಿದೀನಿ, ಬಯ್ಬೇಡಿ. ಈ ಗುಂಪಿಗೆ ಬಂದಿದ್ದೇ ಸ್ವೀಡನ್‌ನ ಅಬ್ಬಾ ಬ್ಯಾಂಡ್ ಹಾಡು ಕೇಳಿ.

ನಿದ್ದೆಗೇಡಿ_ಮಲ್ಲೇಶ್ವರ:
ಹಾಕ್ಬೋದು ತಮ್ಮಾ. 2023ರಿಂದ ಸ್ಪರ್ಧೆಯಲ್ಲಿ ಇಲ್ದೆ ಇರೋ ದೇಶದವ್ರೂ ವೆಬ್‌ಸೈಟಿಗೆ ಹೋಗಿ ಕಾರ್ಡಲ್ಲಿ ದುಡ್ಡು ಕಟ್ಟಿ ಓಟ್ ಹಾಕೋ ಹಾಗೆ ಮಾಡಿದಾರೆ. ಆದ್ರೆ ಪ್ರಪಂಚದ ಮಿಕ್ಕ ದೇಶ ಎಲ್ಲಾ ಸೇರಿ ಒಂದೇ ದೇಶದ ಲೆಕ್ಕ. ಅಂದ್ರೆ ನಾವು, ಅಮೆರಿಕ, ಬ್ರೆಜಿಲ್ ಎಲ್ರ ಓಟೂ ಸೇರಿ ಸ್ಯಾನ್ ಮರಿನೋ ಅನ್ನೋ ಅಂಗೈಯಗಲದ ದೇಶದ ಜ್ಯೂರಿ ಕೊಡೋಷ್ಟೇ ಅಂಕ. ಸಿಟ್ಟು ಬರುತ್ತೆ, ಆದ್ರೂ ಹಾಕ್ತೀನಿ.

ರೇಡಿಯೋ_ರಾಯರು:
ಅಬ್ಬಾ ಹೆಸರು ಬಂತಲ್ಲ ಅಂತ ಈ ಮುದುಕನೂ ಬಾಯಿ ಹಾಕ್ತಿದ್ದೇನೆ. 1974ರ ಏಪ್ರಿಲ್ 6, ಬ್ರೈಟನ್. ಅಬ್ಬಾ ಗೆದ್ದದ್ದು ಎಲ್ಲರಿಗೂ ಗೊತ್ತು. ಆತಿಥ್ಯ ವಹಿಸಿದ ಬ್ರಿಟನ್ನಿನ ತೀರ್ಪುಗಾರರು ಅವರಿಗೆ ಒಂದೇ ಒಂದು ಅಂಕವನ್ನೂ ಕೊಡಲಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮಾಧುರ್ಯ ಅವರು ತೀರ್ಪುಗಾರರ ಕಿವಿಯ ಬಗ್ಗೆ ಇಷ್ಟು ಭರವಸೆ ಇಟ್ಟಿದ್ದಾರಲ್ಲ, ಅದಕ್ಕೆ ಹೇಳಿದೆ.

ಅದೇ ರಾತ್ರಿ ಪೋರ್ಚುಗಲ್ಲಿನ ಪಾವ್ಲೊ ದೆ ಕರ್ವಾಲ್ಯು ಹಾಡಿದ ಹಾಡಿಗೆ ಬಂದದ್ದು ಮೂರೇ ಅಂಕ, ಇನ್ನೂ ಮೂರು ದೇಶಗಳ ಜೊತೆ ಕೊನೆಯ ಸ್ಥಾನ. ಮೂರು ವಾರದೊಳಗೆ, ಏಪ್ರಿಲ್ 24ರ ರಾತ್ರಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಲಿಸ್ಬನ್ ರೇಡಿಯೋದಲ್ಲಿ ಆ ಹಾಡು ಹಾಕಿದರು. ಅದು ಸರ್ವಾಧಿಕಾರದ ವಿರುದ್ಧ ಎದ್ದ ಸೈನಿಕರಿಗೆ ಸಿದ್ಧರಾಗಿ ಅನ್ನೋ ಗುಪ್ತ ಸಂಕೇತ. ಪ್ರೇಮಭಂಗದ ಹಾಡು, ರಾಜಕೀಯದ ಸೊಲ್ಲೇ ಇಲ್ಲ, ಹಾಗಾಗಿ ಸೆನ್ಸಾರಿನವರಿಗೆ ಅನುಮಾನ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕ್ರಾಂತಿ ಶುರುವಾಗಿತ್ತು, ಸಂಜೆ ಹೊತ್ತಿಗೆ ಸರ್ಕಾರವೇ ಉರುಳಿತು. ಈಗ ಹೇಳಿ, ಆ ವರ್ಷ ಗೆದ್ದವರು ಯಾರು?

ಬಾಳೆಹೊನ್ನೂರ್_ಬಾಯ್:
ಅಯ್ಯೋ ರಾಯರೇ ಮೈ ಜುಮ್ ಅಂತು!! ಇಂಥವು ಇನ್ನೂ ಇದ್ರೆ ಬರೀರಿ ಪ್ಲೀಸ್

ಗುರು_ಗಾಂಧಿಬಜಾರ್:
ರಾಯರು ನಮ್ಮ ಪಾರ್ಟಿ! ಅಬ್ಬಾಗೆ ಸೊನ್ನೆ ಕೊಟ್ಟ ಜ್ಯೂರಿ! ಇದನ್ನ ಪ್ರಿಂಟ್ ಹಾಕ್ಸಿ ವೀಣೆ ಮೇಡಂ ಮನೆ ಬಾಗ್ಲಿಗೆ ಅಂಟ್ಸಿ.

ರೇಡಿಯೋ_ರಾಯರು:
ನಾನು ಯಾರ ಪಾರ್ಟಿಯೂ ಅಲ್ಲಪ್ಪ. ಅದೇ ಅಬ್ಬಾವನ್ನು ಗೆಲ್ಲಿಸಿದ್ದೂ ಉಳಿದ ದೇಶಗಳ ತೀರ್ಪುಗಾರರೇ. ಆಗ ಜನರ ಓಟು ಎಲ್ಲಿತ್ತು? 1997ರಲ್ಲಿ ಐದು ದೇಶಗಳಲ್ಲಿ ಪ್ರಯೋಗಕ್ಕೆ ಅಂತ ಟೆಲಿಫೋನ್ ಓಟು ತಂದದ್ದು.

ವಿದ್ಯಾ_ವಿದ್ಯಾರಣ್ಯಪುರ:
ಎಲ್ರೂ ಹಾಡು ಅಂಕ ಅಂತ ಮಾತಾಡ್ತಿದೀರ, ದೊಡ್ಡ ವಿಷಯ ಯಾರೂ ಎತ್ತುತ್ತಿಲ್ಲ. ಇಸ್ರೇಲ್ ಇರೋದಕ್ಕೆ ಈ ವರ್ಷ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್ಲೆಂಡ್ ಐದೂ ಹೊರಗೆ ಹೋಗಿದಾವೆ. ನೀಮೋ ಗೆದ್ದ ಟ್ರೋಫಿನೇ ವಾಪಸ್ ಕೊಟ್ಟಾಯ್ತು. ಏಳು ಸಲ ಗೆದ್ದಿರೋ ಐರ್ಲೆಂಡ್ ಇಲ್ದೆ 70ನೇ ಸ್ಪರ್ಧೆ! ನಾನಂತೂ ಈ ಸಲ ನೋಡಲ್ಲ.

ಹಾಸನದ_ಹರಿ:
ನೋಡ್ದೆ ಇರೋದು ನಿಮ್ಮಿಷ್ಟ. ಆದ್ರೆ ಸ್ಪರ್ಧೆ ಟಿವಿ ಸಂಸ್ಥೆಗಳ ಮಧ್ಯೆ, ಸರ್ಕಾರಗಳ ಮಧ್ಯೆ ಅಲ್ಲ. ಹಾಡೋಕೆ ಬಂದ ಹುಡ್ಗ ಹುಡ್ಗೀರು ಏನ್ ಮಾಡಿದಾರೆ?

ವಿದ್ಯಾ_ವಿದ್ಯಾರಣ್ಯಪುರ:
2022ರಲ್ಲಿ ರಷ್ಯಾನ ಹೊರಗೆ ಹಾಕಿದಾಗ ಈ ಮಾತು ಎಲ್ಲಿ ಹೋಗಿತ್ತು ಹರಿ? ಅಲ್ಲೂ ಹಾಡೋರೇ ಅಲ್ವಾ ಬರ್ತಿದ್ದಿದ್ದು.

ಹಾಸನದ_ಹರಿ:
ಎರಡೂ ಒಂದೇ ಅಲ್ಲ. ಹಾಗಂತ ಹೋದ ವರ್ಷದ್ದು ನಂಗೂ ಸರಿ ಕಾಣ್ಲಿಲ್ಲ, ಇಸ್ರೇಲಿಗೆ ಜನರಿಂದ 297, ಜ್ಯೂರಿಯಿಂದ 60, ಸರ್ಕಾರದ ಕಡೆಯಿಂದ ಓಟ್ ಹಾಕಿ ಅಂತ ಜಾಹೀರಾತು ಬೇರೆ. ಅದಕ್ಕೇ ಅಲ್ವಾ ಈಗ ಪ್ರಚಾರಕ್ಕೆ ಕಡಿವಾಣ, ಓಟು ಅರ್ಧ ಮಾಡಿದ್ದು ಎಲ್ಲ.

ವೇದಿಕೆ_ನಿರ್ವಾಹಕ:
ವಿದ್ಯಾ, ಹರಿ, ಇಬ್ರೂ ಇಷ್ಟು ಹೊತ್ತು ಮರ್ಯಾದೆಯಿಂದ ಮಾತಾಡಿದೀರ, ಥ್ಯಾಂಕ್ಸ್. ಇದಕ್ಕೆ ಬೇರೆ ಥ್ರೆಡ್ ಇದೆ, ಮುಂದಿನದ್ದು ಅಲ್ಲಿ. ಇಲ್ಲಿ ಬೈಗುಳ ಬಿದ್ದ ಎರಡು ಕಾಮೆಂಟ್ ತೆಗೆದಿದೀನಿ.

ಧಾರವಾಡದ_ದತ್ತಣ್ಣ:
ಒಂದ ಮಾತು ಹೇಳಿ ಮುಗಸ್ತೀನ್ರಿ ಆ ವಿಷಯ. ಐದು ಹೋದ್ವು, ಬಲ್ಗೇರಿಯಾ, ರೊಮೇನಿಯಾ, ಮೊಲ್ಡೊವಾ ವಾಪಸ್ ಬಂದಾವು, ಒಟ್ಟ 35. ಮೊಲ್ಡೊವಾ ಬಂತಲ್ಲಾ, ನನಗ ಅಷ್ಟ ಸಾಕು. ಅವರು ಮಾಡೂ ಹುಚ್ಚಾಟ ಬ್ಯಾರೆ ಯಾರೂ ಮಾಡಂಗಿಲ್ಲ.

ಕುಂದಾಪ್ರ_ಕಡಲು:
ನಂಗೆ ಹೋದ ವರ್ಷ ಕುಶಿ ಆದದ್ದು ಸ್ವೀಡನ್‌ನವ್ರು. ಕಾಯ್ ಅಂತ ಮೂರು ಜನ, ಅಸಲಿಗೆ ಫಿನ್ಲೆಂಡ್‌ನ ವೋರೋ ಬದಿಯವ್ರು, ಅಲ್ಲಿ ಸ್ವೀಡಿಷ್ ಮಾತಾಡೋ ಊರುಗಳಿವೆ. ತಮ್ಮೂರಿನ ಆಡುಭಾಷೆಯಲ್ಲೇ ಸೌನಾ ಅನ್ನೋ ಬಿಸಿ ಕೋಣೆಯ ಬೆವರು ಸ್ನಾನದ ಮೇಲೊಂದು ಹಾಡು. ಸ್ಟಾಕ್‌ಹೋಮ್‌ನವ್ರಿಗೇ ಅರ್ಧ ಅರ್ಥ ಆಗಿರೂದಿಲ್ಲ. ಆದ್ರೂ ಸ್ವೀಡನ್‌ನ ಆಯ್ಕೆ ಸುತ್ತಿನಲ್ಲಿ 2015ರ ವಿನ್ನರ್ ಮೋನ್ಸ್ ಸೆಲ್ಮರ್ಲೋವ್‌ನನ್ನೇ ಸೋಲ್ಸಿ ಬಂದ್ರು, ಫೈನಲ್‌ನಲ್ಲಿ ನಾಲ್ಕನೇ ಸ್ಥಾನ. ಸ್ವೀಡನ್ ಸ್ವೀಡಿಷ್‌ನಲ್ಲಿ ಹಾಡಿ ಕಳ್ಸಿದ್ದು 1998ರ ನಂತ್ರ ಅದೇ ಮೊದಲಂತೆ! ನಮ್ಮ ಕುಂದಾಪ್ರ ಭಾಷೆಲಿ ಹೀಂಗೆ ಒಂದು ಹಾಡು ಕಳ್ಸಿದ್ರೆ ಬೆಂಗ್ಳೂರಿನವ್ರು ಆಯ್ಕೆ ಮಾಡೂದು ಹೌದಾ? ಸಬ್‌ಟೈಟಲ್ ಕೇಳ್ತ್ರಿ.

ಗುರು_ಗಾಂಧಿಬಜಾರ್:
ಸಬ್‌ಟೈಟಲ್ ಕೇಳ್ತೀವಿ, ಆದ್ರೂ ಓಟು ಹಾಕ್ತೀವಿ ಗುರೂ.

ಮೈಸೂರ್_ಮಾಧುರ್ಯ:
ಇದು ಒಳ್ಳೆ ಐಡಿಯಾ! ಕರ್ನಾಟಕದ ಜಿಲ್ಲೆ ಜಿಲ್ಲೆ ಮಧ್ಯೆ ಒಂದು ಮಾಡಿದ್ರೆ? 31 ಜಿಲ್ಲೆ, ಮೂರು ನಿಮಿಷದ ಹೊಸ ಹಾಡು, ವೇದಿಕೆ ಮೇಲೆ ಆರೇ ಜನ, ಮುಖ್ಯ ದನಿ ಲೈವ್, ತಮ್ಮ ಜಿಲ್ಲೆಗೆ ತಾವೇ ಓಟ್ ಹಾಕೋ ಹಾಗಿಲ್ಲ. ಎಲ್ಲಾ ಅಲ್ಲಿನ ನಿಯಮನೇ.

ಧಾರವಾಡದ_ದತ್ತಣ್ಣ:
ಆರ ಮಂದಿ ಅಂದ್ರ ಡೊಳ್ಳು ಕುಣಿತ ಹೆಂಗ್ರಿ? ಜಗ್ಗಲಗಿ ಹೆಂಗ? ನಿಯಮ ತಿದ್ದಬೇಕ್ರಿ.

ನಿದ್ದೆಗೇಡಿ_ಮಲ್ಲೇಶ್ವರ:
ಓಟಿಂಗ್ ಈಗ್ಲೇ ಹೇಳ್ತೀನಿ ಬರ್ಕೊಳ್ಳಿ, ಮಂಡ್ಯ ಮೈಸೂರಿಗೆ 12, ಮೈಸೂರು ಮಂಡ್ಯಕ್ಕೆ 12, ಥೇಟ್ ಗ್ರೀಸು ಸೈಪ್ರಸ್ಸು. ಉಡುಪಿ ದಕ್ಷಿಣ ಕನ್ನಡನೂ ಹಾಗೇ.

ಕುಂದಾಪ್ರ_ಕಡಲು:
ಉಡುಪಿ ಮಂಗ್ಳೂರಿಗೆ 12 ಕೊಡೂದಾ? ನಿಮ್ಗೆ ನಮ್ಮ ಬದಿ ವಿಷಯ ಎಂತದೂ ಗೊತ್ತಿಲ್ಲ ಬಿಡಿ 😂

ಹಾಸನದ_ಹರಿ:
ಬೆಂಗಳೂರಿಗೆ ಯಾರೂ ಓಟ್ ಹಾಕಲ್ಲ, ಸೀದಾ ಫೈನಲ್‌ಗೆ ಹೋಗಿ ಕೊನೇಲಿ ಕೂರೋ ಜರ್ಮನಿ ಕಥೆ ಆಗುತ್ತೆ ಅದ್ರದ್ದು. ದುಡ್ಡು ಕೊಡೋದು ಮಾತ್ರ ಅವ್ರೇ.

ರೈನ್_ದಡದ_ರೂಪಾ:
ಸರಿ, ಮೂಲ ಪ್ರಶ್ನೆಗೆ ನಂದೊಂದು ಸಲಹೆ. ಇಲ್ಲಿ ನಾವು ನಾಲ್ಕೈದು ಕನ್ನಡದ ಮನೆಯವ್ರು ಸೇರಿ ನೋಡೋದು. ಸಂಗೀತ ಗೊತ್ತಿರೋರು ಗೊತ್ತಿಲ್ದೋರು ಅಂತ ನಾವು ಭಾಗ ಮಾಡಲ್ಲ. ಜನವರಿಯಿಂದ ಒಂದೊಂದು ದೇಶದ ಹಾಡು ಬಂದ ಹಾಗೇ ಕೇಳಿ ಕೇಳಿ ಬಾಯಿಪಾಠ ಮಾಡಿರೋರು ಒಂದು ಕಡೆ, ಆವತ್ತೇ ಮೊದಲ ಸಲ ಕೇಳೋರು ಇನ್ನೊಂದು ಕಡೆ. ಎರಡೂ ಗುಂಪಿಗೆ ಅರ್ಧರ್ಧ. ಯಾಕೆ ಅಂದ್ರೆ ನಿಜವಾಗಿ ಫೋನ್ ಎತ್ತಿ ಓಟ್ ಹಾಕೋ ಕೋಟಿಗಟ್ಲೆ ಜನ ಆ ಹಾಡುಗಳನ್ನ ಅದೇ ರಾತ್ರಿ ಮೊದಲು ಕೇಳಿರ್ತಾರೆ. ನಮ್ಮಂಥ ಹುಚ್ಚರಿಗೆ ಇಪ್ಪತ್ತನೇ ಸಲ ಕೇಳಿದ ಹಾಡು ಹಳಸಿರುತ್ತೆ, ಅದು ಅವ್ರಿಗೆ ಬಿಸಿಬಿಸಿ ಇರುತ್ತೆ. ನಮ್ಮತ್ತೆ ಒಂದು ವರ್ಷ ಇಲ್ಲೇ ಇದ್ರು, ಇಂಗ್ಲಿಷೂ ಬರಲ್ಲ ಜರ್ಮನ್ನೂ ಬರಲ್ಲ, ಮಡಿಲಲ್ಲಿ ಹಾಳೆ ಇಟ್ಕೊಂಡು ಅವ್ರು ಹಾಕಿದ ಅಂಕ ನಮ್ಮೆಲ್ರಿಗಿಂತ ಜನರ ಓಟಿಗೆ ಹತ್ರ ಇತ್ತು. ಲೊರೀನ್ ನೋಡಿ ಆ ಉಗುರಲ್ಲಿ ಅನ್ನ ಹೇಗೆ ಕಲಸ್ತಾಳೆ ಅಂದಿದ್ರು.

ಮೈಸೂರ್_ಮಾಧುರ್ಯ:
ಅತ್ತೆಯವ್ರಿಗೆ 12 ಅಂಕ 😂😂 ಆದ್ರೂ ಒಪ್ಪಲ್ಲ. ಮೊದಲ ಸಲ ಕೇಳೋವಾಗ ಬೆಂಕಿ, ಹೊಗೆ, ಬಟ್ಟೆ ಇದೇ ಕಾಣೋದು, ಸ್ವರ ಕೇಳೋದೇ ಇಲ್ಲ.

ರೈನ್_ದಡದ_ರೂಪಾ:
ಅದೂ ಸ್ಪರ್ಧೆಯ ಭಾಗನೇ ಅಲ್ವಾ ಮಾಧುರ್ಯ? ಬರೀ ಸ್ವರ ಬೇಕಂದ್ರೆ ಕಣ್ಮುಚ್ಚಿ ಕೂತ್ಕೋಬೇಕು.

ಧಾರವಾಡದ_ದತ್ತಣ್ಣ:
ರೂಪಾ ಅಕ್ಕಾರ ಮಾತಿಗೆ ನನ್ನ ಸಹಿ. ಇನ್ನೊಂದ್ರಿ, ಹಾಡು ಮುಗದ ಕೂಡ್ಲೇ ಅಂಕ ಬರದು ಹಾಳಿ ಮಡಚಿ ಇಡಬೇಕು, ಆಮ್ಯಾಲೆ ಮಂದಿ ಮಾತು ಕೇಳಿ ತಿದ್ದಂಗಿಲ್ಲ. ಸಮ ಬಂದ್ರ ಏನು ಅಂತ ಮೊದಲ ಬರದಿಡ್ರಿ. 1969ರಾಗ ನಿಯಮ ಇರಲಿಲ್ಲಂತ ನಾಲ್ಕು ದೇಶಕ್ಕ ಒಟ್ಟಿಗೆ ಗೆದ್ರಿ ಅಂತ ಹೇಳಬೇಕಾತು, ಸಿಟ್ಟಿಗೆದ್ದು ಮರುವರ್ಷ ಕೆಲವು ದೇಶ ಬರಲೇ ಇಲ್ಲ. ಈಗ ಸಮ ಆದ್ರ ಜನರ ಓಟು ಹೆಚ್ಚಿದ್ದವರು ಗೆಲ್ತಾರ.

ನಿದ್ದೆಗೇಡಿ_ಮಲ್ಲೇಶ್ವರ:
ರೂಪಾ ಅವ್ರ ಪದ್ಧತಿ ಗ್ರೂಪಿಗೆ ಹಾಕ್ದೆ. ವೀಣೆಯವ್ಳು ಒಪ್ಪಿದ್ಲು, ಯಾಕಂದ್ರೆ ಜನವರಿಯಿಂದ ಕೇಳೋರ ಗುಂಪಲ್ಲಿ ಅವ್ಳೂ ಬರ್ತಾಳೆ. ಹಿಂದೂಸ್ತಾನಿಯವ್ನು ಹಾಡು ಮುಂಚೆ ಕೇಳೋದೇ ಇಲ್ಲ, ಹಾಗಾಗಿ ಅವ್ನೀಗ ಜನಸಾಮಾನ್ಯ. ಆ ಅವಮಾನ ತಡ್ಕೊಳ್ಳಕ್ಕಾಗ್ದೆ ಇವತ್ತಿಂದ ಅಲ್ಬೇನಿಯಾ ಹಾಡು ಕೇಳಕ್ಕೆ ಶುರು ಮಾಡಿದಾನೆ.

ಬಾಳೆಹೊನ್ನೂರ್_ಬಾಯ್:
ಸೆಮಿಫೈನಲ್ ಮಂಗಳವಾರ ಗುರುವಾರ ಅಂತಿದಾರೆ, ಅದೂ ರಾತ್ರಿ ಹನ್ನೆರಡೂವರೆಗೇನಾ? ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸು.

ಗುರು_ಗಾಂಧಿಬಜಾರ್:
ಹೌದು. ಹಿಂದಿನ ಬೆಂಚಲ್ಲಿ ಕೂತ್ಕೋ.